ಜಾತಿ, ಯುದ್ಧ, ತಾರತಮ್ಯದ ಕಥೆ ಓದಿದ ಮಕ್ಕಳು ಮನಸ್ಸು ಬಿಚ್ಚಿ ಬರೆಯುವಂತೆ ಮಾಡುವುದು ಹೇಗೆ?

ಕಾರವಾರದಲ್ಲಿ ಒಂಬತ್ತನೇ ಕ್ಲಾಸಿನವರಿಗೆ ನಾಜಿಗಳಿಂದ ತಪ್ಪಿಸಿಕೊಂಡು ಅಡಗಿ ಕೂತಿದ್ದ ಯೆಹೂದಿ ಹುಡುಗಿ ಆನ್ ಫ್ರಾಂಕಳ ದಿನಚರಿಯ ಕೆಲವು ಪುಟ, ‘ಚೋಮನ ದುಡಿ’ಯ ಕೆಲವು ಪುಟ ಓದಿಸಿದ್ದೀರಿ. ಎಲ್ಲರೂ ‘ಜಾತಿ ಪದ್ಧತಿ ಒಂದು ಸಾಮಾಜಿಕ ಪಿಡುಗು’ ಅಂತ ಬರೆದುಕೊಟ್ಟು ಕೈತೊಳೆದುಕೊಂಡಿದ್ದಾರೆ. ಮನಸ್ಸು ಬಿಚ್ಚಿಸುವುದು ಹೇಗೆ ಅಂತ ಕೇಳಿದ್ದೀರಿ. ಬಿಚ್ಚಿಸಬೇಡಿ. ಒಮ್ಮೆ ಬಿಚ್ಚಿಸಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಅಂಕೋಲೆ ಕಡೆಯವ. ಮೊದಲ ಪೋಸ್ಟಿಂಗ್ ಶಿರಸಿ ತಾಲೂಕಿನ ಹಳ್ಳಿಯೊಂದರ ಹೈಸ್ಕೂಲಿಗೆ. ಸುತ್ತ ಅಡಿಕೆ ತೋಟ, ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ. ಇಷ್ಟು ದೂರ ದೂರ ಇರುವವರಿಗೆ ಒಬ್ಬರ ಮನೆಯ ಒಳಗಿನ ಸುದ್ದಿ ಇನ್ನೊಬ್ಬರಿಗೆ ಎಲ್ಲಿ ಗೊತ್ತಿರುತ್ತದೆ ಅಂತ ತಿಳಿದಿದ್ದೆ. ಒತ್ತೊತ್ತಾಗಿ ಮನೆಗಳಿರುವ ಕೇರಿಯಲ್ಲಿ ಬೆಳೆದವನ ದಡ್ಡತನ.

ನಿಮ್ಮ ಹಾಗೆ ನನಗೂ ‘ಪಿಡುಗು’ ಕಂಡರೆ ಸಿಟ್ಟು ಬರುತ್ತಿತ್ತು. ಎಲ್ಲರಿಗೂ ನೂರು ಪುಟದ ನೋಟ್‌ಬುಕ್ ಕೊಡಿಸಿದೆ. ಇದಕ್ಕೆ ಮಾರ್ಕ್ಸ್ ಇಲ್ಲ, ಕಾಗುಣಿತ ತಿದ್ದುವುದಿಲ್ಲ, ಪಾಠ ಓದಿದ ಮೇಲೆ ನಿಮಗೆ ಏನು ನೆನಪಾಯಿತೋ ಅದನ್ನೇ ಬರೆಯಿರಿ, ನಾನೊಬ್ಬನೇ ಓದುತ್ತೇನೆ ಅಂದೆ. ಆ ‘ನಾನೊಬ್ಬನೇ’ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಕಾರಂತರ ಕಾದಂಬರಿಯಲ್ಲಿ ಚೋಮನ ಮಗ ನೀಲ ನೀರಿನಲ್ಲಿ ಮುಳುಗುವ ಭಾಗ ನಿಮಗೆ ಗೊತ್ತಲ್ಲ. ದಡದಲ್ಲಿ ಜನ ಇದ್ದಾರೆ, ಈಜು ಬಲ್ಲವರೂ ಇದ್ದಾರೆ, ಆದರೆ ಹುಡುಗ ಹೊಲೆಯರವನು, ಮುಟ್ಟುವ ಹಾಗಿಲ್ಲ. 1933ರ ಪುಸ್ತಕ. ಅದನ್ನು ಓದಿದ ವಾರ ಒಬ್ಬ ಹುಡುಗಿ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: ‘ನನ್ನ ಅಮ್ಮ ಅಡಿಕೆ ಸುಲಿಯಲು ಹೋಗುವ ಮನೆಯಲ್ಲಿ ಅಮ್ಮನ ಚಾ ಕಪ್ಪಿಗೆ ಹಿಡಿ ಇಲ್ಲ. ಅದು ಬಚ್ಚಲುಮನೆಯ ಹೊರಗಿನ ಹಸಿರು ಬಣ್ಣದ ಗೂಡಿನಲ್ಲಿ, ದನದ ಗಾಯಕ್ಕೆ ಹಚ್ಚುವ ಎಣ್ಣೆ ಬಾಟಲಿಯ ಪಕ್ಕ ಇರುತ್ತದೆ. ಕುಡಿದ ಮೇಲೆ ಅಮ್ಮನೇ ತೊಳೆದು ಅಲ್ಲೇ ಇಡುತ್ತಾಳೆ. ಒಂದು ದಿನ ನಾನೂ ಹೋಗಿದ್ದೆ. ನನಗೆ ಕಪ್ಪು ಇರಲಿಲ್ಲ. ಅಮ್ಮ ಅರ್ಧ ಕುಡಿದು ಅರ್ಧ ನನಗೆ ಕೊಟ್ಟಳು.’ ಕೊನೆಗೆ ಇನ್ನೊಂದು ಸಾಲು. ಆ ಮನೆಯ ಮಗಳು, ಇದೇ ಕ್ಲಾಸಿನವಳು, ಕಿಟಕಿಯಿಂದ ನೋಡಿ ಒಳಗೆ ಹೋದಳು ಅಂತ.

ಓದಿ ನನಗೆ ಖುಷಿಯಾಯಿತು. ಹೌದು, ಖುಷಿ. ಮಗುವಿನ ಸಂಕಟ ಓದಿ ಮಾಸ್ತರಿಗೆ ಖುಷಿಯಾಗುವುದು ಎಂಥ ವಿಚಿತ್ರ ಅನ್ನುವುದು ಆಗ ಹೊಳೆಯಲಿಲ್ಲ. ನನ್ನ ನೋಟ್‌ಬುಕ್ ಉಪಾಯ ಫಲಿಸಿತು ಅನ್ನುವುದಷ್ಟೇ ತಲೆಯಲ್ಲಿತ್ತು.

ಮರುವಾರ ನಮ್ಮ ಕ್ಲಾಸು ನೋಡಲು ಹೊರಗಿನವರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಆ ಪುಟ ಓದಿಬಿಟ್ಟೆ.

ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವವರಿದ್ದೀರಿ. ‘ಒಳ್ಳೆಯ ಒಂದೆರಡು ಉತ್ತರಗಳನ್ನು ಹೆಸರು ಹೇಳದೆ ಓದಿ ತೋರಿಸಲೇ’ ಅಂತ ಕೇಳಿದ್ದೀರಲ್ಲ, ಅದಕ್ಕೆ. ನಾನೂ ಹೆಸರು ಹೇಳಲಿಲ್ಲ. ಕಿಟಕಿಯ ಸಾಲು ಬಿಟ್ಟೆ. ‘ಅಮ್ಮ’ ಇದ್ದಲ್ಲಿ ‘ಒಬ್ಬ ಹೆಂಗಸು’ ಮಾಡಿದೆ. ಇಷ್ಟೆಲ್ಲ ಜಾಗ್ರತೆ ಮಾಡಿದ್ದೇನೆ ಅಂತ ಒಳಗೊಳಗೇ ಬೀಗಿದೆ ಕೂಡ. ಆದರೆ ಹಸಿರು ಗೂಡು ಬಿಡಲಿಲ್ಲ, ಎಣ್ಣೆ ಬಾಟಲಿ ಬಿಡಲಿಲ್ಲ, ಹಿಡಿ ಮುರಿದ ಕಪ್ಪು ಬಿಡಲಿಲ್ಲ. ಹೇಗೆ ಬಿಡಲಿ? ಆ ಬರಹ ಚೆನ್ನಾಗಿದ್ದದ್ದೇ ಅವುಗಳಿಂದ. ಅದೇ ಕಾರಣಕ್ಕೆ ಮನೆ ಯಾವುದು ಅಂತ ಇಡೀ ಕ್ಲಾಸಿಗೆ ಗೊತ್ತಾಯಿತು. ಅರ್ಧಕ್ಕರ್ಧ ಮಕ್ಕಳ ತಾಯಂದಿರು ಒಂದಲ್ಲ ಒಂದು ಸೀಜನ್ನಿನಲ್ಲಿ ಆ ಅಂಗಳದಲ್ಲಿ ಕೂತು ಅಡಿಕೆ ಸುಲಿದವರೇ. ‘ಹಸಿರು ಗೂಡು’ ಅಂದದ್ದೇ ತಡ, ಎರಡು ಬೆಂಚು ಆಚೆ ಕೂತಿದ್ದ ಆ ಮನೆಯ ಮಗಳ ಕಡೆ ಎಲ್ಲರ ಕತ್ತೂ ತಿರುಗಿತು. ಬರೆದವಳು ಡೆಸ್ಕಿನ ಮೇಲಿನ ಇಂಕಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಹಿಂದಿನ ಬೆಂಚಿನವರು ಮಾತ್ರ ನನ್ನ ಕೈ ಕುಲುಕಿ ಹೋದರು.

ಅದು ದೀಪಾವಳಿ ಕಳೆದ ಕಾಲ, ಕೊಯ್ಲು ಶುರುವಾಗಿತ್ತು. ವರ್ಷದಲ್ಲಿ ಆ ಹೆಂಗಸರಿಗೆ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಆಗಲೇ. ಸುಲಿದಷ್ಟಕ್ಕೆ ಕೂಲಿ, ರಾತ್ರಿಯೂ ಕೂತರೆ ಇನ್ನಷ್ಟು. ವಾರದೊಳಗೆ ಆ ತಾಯಿಗೆ ‘ಇನ್ನು ಸುಲಿಯಲು ಬರುವುದು ಬೇಡ’ ಅಂತ ಹೇಳಿ ಕಳಿಸಿದರು. ತೋಟದ ಯಜಮಾನರು ಪೇಟೆಯಲ್ಲಿ ಸಿಕ್ಕಾಗ ಸಿಟ್ಟಾಗಲಿಲ್ಲ, ನಗುತ್ತಲೇ ‘ಏನು ಮಾಸ್ತರೇ, ಶಾಲೆಯಲ್ಲಿ ಈಗ ನಮ್ಮನೆ ಪಾತ್ರೆ ಲೆಕ್ಕವೂ ಉಂಟೋ?’ ಅಂದರು. ನನಗೆ ಬಾಯಿ ಬರಲಿಲ್ಲ.

ತಾಯಿ ಶಾಲೆಯ ಗೇಟಿನ ಹತ್ತಿರ ಬಂದಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ಹೇಳಿದ್ದು: ‘ಅವ್ಳು ಬರ್ದದ್ದು ಸುಳ್ಳಲ್ಲ ಮಾಸ್ತರೇ. ಕೊಯ್ಲು ಮುಗಿಯೋವರೆಗಾದ್ರೂ ನೀವು ಸುಮ್ನಿರ್ಬಹುದಿತ್ತು.’ ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ, ದಲಿತರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, ದೂರು ಕೊಡಬಹುದು ಅಂತೆಲ್ಲ ನಾನು ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ ಅಂತಲ್ಲ. ದೂರು ಕೊಟ್ಟ ಮೇಲೆ ಮುಂದಿನ ವರ್ಷ ಯಾರ ಅಂಗಳದಲ್ಲಿ ಕೂತುಕೊಳ್ಳಲಿ ಅಂತ ಕೇಳಿದರು. ಯಾರ ಅಂಗಳ ಅಂತ ಹೇಳಲು ನನಗೆ ಅಂಗಳ ಎಲ್ಲಿತ್ತು?

ಮುಂದಿನ ಸಲ ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ಇದ್ದದ್ದು: ‘ಜಾತಿ ಪದ್ಧತಿ ಒಂದು ಸಾಮಾಜಿಕ ಪಿಡುಗು. ಅದನ್ನು ನಿರ್ಮೂಲನೆ ಮಾಡಬೇಕು.’ ಅಕ್ಷರ ದುಂಡಗೆ, ಅಡಿಗೆರೆ ಸಮೇತ. ಆ ಮನೆಯ ಮಗಳ ಪುಸ್ತಕದಲ್ಲಿ ಒಂದು ಹಾಳೆ ಹರಿದಿತ್ತು. ಏನು ಬರೆದು ಹರಿದಳೋ. ಅವಳನ್ನೂ ಆಮೇಲೆ ಯಾರೂ ಆಟಕ್ಕೆ ಕರೆಯಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ, ಕಪ್ಪನ್ನು ಆ ಗೂಡಿನಲ್ಲಿ ಇಟ್ಟವಳು ಅವಳೇನಲ್ಲ.

ಹಾಗಾಗಿ ನೀವು ಬೇಸರಪಟ್ಟಿರುವ ಆ ವಾಕ್ಯವನ್ನು ನಾನೀಗ ಬೇರೆಯೇ ರೀತಿ ಓದುತ್ತೇನೆ. ಅದು ಮಕ್ಕಳ ಕಂಬಳಿಕೊಪ್ಪೆ. ಮಳೆಯಲ್ಲಿ ನಿಂತವರ ತಲೆ ಮೇಲಿಂದ ಕೊಪ್ಪೆ ಕಿತ್ತು ‘ನೋಡಿ, ಒದ್ದೆಯಾಗುವುದು ಎಂಥ ಒಳ್ಳೆಯ ಅನುಭವ’ ಅನ್ನಲು ನಾವು ಯಾರು? ಅದೂ ನಾವು ಮಾತ್ರ ಜಗಲಿ ಮೇಲೆ ಕೂತು. ನಮ್ಮ ಅಂಕೋಲೆಯ ಮನೆಯಲ್ಲೂ ಗದ್ದೆ ಕೆಲಸಕ್ಕೆ ಬರುವವರಿಗೆ ಅಜ್ಜಿ ಬೇರೆ ಲೋಟ ಇಟ್ಟಿದ್ದಳು. ನಾನೇ ಎಷ್ಟೋ ಸಲ ಆ ಲೋಟಕ್ಕೆ ಮೇಲಿನಿಂದ ನೀರು ಹೊಯ್ದಿದ್ದೇನೆ. ಅದನ್ನು ಮಕ್ಕಳ ಮುಂದೆ ಒಂದು ದಿನವೂ ಹೇಳಿರಲಿಲ್ಲ. ಅವರ ಮನೆಯ ಕಥೆ ಮಾತ್ರ ನನಗೆ ಬೇಕಿತ್ತು.

ನಗು ಬರುವ ವಿಷಯವೆಂದರೆ ಅದೇ ವರ್ಷ ನಾನು ಆನ್ ಫ್ರಾಂಕಳನ್ನೂ ಪಾಠ ಮಾಡಿದ್ದೆ. 1944ರ ಆಗಸ್ಟ್ 4ರಂದು ಅಡಗುತಾಣದ ಎಂಟೂ ಜನರನ್ನು ಹಿಡಿದೊಯ್ದ ಮೇಲೆ ಅವಳ ಹಾಳೆಗಳನ್ನು ಎತ್ತಿಟ್ಟವರು ಮೀಪ್ ಗೀಸ್, ಆ ಕುಟುಂಬಕ್ಕೆ ಎರಡು ವರ್ಷ ಅನ್ನ ತರಕಾರಿ ಹೊತ್ತವರಲ್ಲಿ ಒಬ್ಬರು. ಮೇಜಿನ ಡ್ರಾಯರಿನಲ್ಲಿ ಇಟ್ಟರು, ಓದಲಿಲ್ಲ. ಆನ್ ಇನ್ನಿಲ್ಲ ಅಂತ 1945ರಲ್ಲಿ ಖಚಿತವಾದ ಮೇಲೆ ಅಪ್ಪ ಓಟೋ ಕೈಗೆ ಕೊಟ್ಟರು. ಮೊದಲೇ ಓದಿದ್ದರೆ ಸುಟ್ಟುಬಿಡಬೇಕಾಗುತ್ತಿತ್ತು ಅಂತ ಮೀಪ್ ಆಮೇಲೆ ಹೇಳಿಕೊಂಡಿದ್ದಾರೆ, ಸಹಾಯ ಮಾಡಿದವರ ಹೆಸರೆಲ್ಲ ಅದರಲ್ಲಿತ್ತು. ಆನ್ ಕೂಡ ಹುಚ್ಚಿಯಲ್ಲ. ಯುದ್ಧಕಾಲದ ದಿನಚರಿಗಳನ್ನು ಉಳಿಸಿ ಅಂತ 1944ರ ಮಾರ್ಚಿನಲ್ಲಿ ರೇಡಿಯೋದಲ್ಲಿ ಕೇಳಿ, ಪುಸ್ತಕವಾಗಲಿ ಅಂತ ತಿದ್ದಿ ಬರೆಯಲು ಕೂತಾಗ ಅವಳು ಜನರ ಹೆಸರು ಬದಲಿಸುವ ಪಟ್ಟಿಯನ್ನೇ ಮಾಡಿಕೊಂಡಳು. ಜತೆಗಿದ್ದ ಫಾನ್ ಪೆಲ್ಸ್ ಕುಟುಂಬ ಫಾನ್ ಡಾನ್ ಆಯಿತು. ಏನನ್ನು ಯಾರಿಗೆ ಯಾವಾಗ ಓದಲು ಕೊಡಬೇಕು ಅನ್ನುವುದನ್ನು ಬರೆದವಳೇ ಯೋಚಿಸಿದ್ದಳು. ನಾನು ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಪಾಠ ಮಾಡಿ, ಎರಡು ತಿಂಗಳ ನಂತರ ಆ ಹುಡುಗಿಯ ಪುಟ ಓದಿದೆ.

ಈಗ ನಿಮ್ಮ ಪ್ರಶ್ನೆ. ‘ಅವನ ಜಾಗದಲ್ಲಿ ನೀನಿದ್ದರೆ ನಿನಗೆ ಹೇಗನ್ನಿಸುತ್ತಿತ್ತು?’ ಅನ್ನುವ ಪ್ರಶ್ನೆ ಬಿಡಿ. ಆ ಜಾಗದಲ್ಲೇ ಇರುವ ಮಗು ಕ್ಲಾಸಿನಲ್ಲಿ ಕೂತಿರುತ್ತದೆ, ಅದಕ್ಕೆ ಅದು ಹಿಂಸೆ. ಇಲ್ಲದ ಮಗು ಎರಡು ಹನಿ ಕಣ್ಣೀರು ಹಾಕಿ, ತಾನು ಒಳ್ಳೆಯವನು ಅಂತ ನೆಮ್ಮದಿಯಾಗಿ ಮನೆಗೆ ಹೋಗುತ್ತದೆ. ದಡದಲ್ಲಿ ನಿಂತವರ ಬಗ್ಗೆ ಕೇಳಿ. ನೀಲ ಮುಳುಗುವಾಗ ಯಾರು ಎಲ್ಲಿದ್ದರು, ಕಾಪಾಡಲು ಹೊರಟವನನ್ನು ತಡೆದವರು ಏನು ಹೇಳಿದರು, ಆಮೇಲೆ ಅವರವರ ಮನೆಗೆ ಹೋಗಿ ಏನು ಹೇಳಿರಬಹುದು. ಆನ್ ಫ್ರಾಂಕಳಲ್ಲಿ ‘ಭಯ’ದ ಬಗ್ಗೆ ಕೇಳುವ ಬದಲು ಬಟಾಟೆಯ ಬಗ್ಗೆ ಕೇಳಿ. ಎಂಟು ಜನಕ್ಕೆ ರೇಷನ್ ಕೂಪನ್ ಎಲ್ಲಿಂದ ಬರುತ್ತಿತ್ತು? ತರಕಾರಿ ಕೊಡುತ್ತಿದ್ದವನು ತನ್ನ ಮನೆಯಲ್ಲಿ ಯೆಹೂದಿಗಳನ್ನು ಇಟ್ಟುಕೊಂಡದ್ದಕ್ಕೆ 1944ರ ಮೇನಲ್ಲಿ ಅರೆಸ್ಟ್ ಆದ. ಮರುದಿನದಿಂದ ಇವರ ಊಟದಲ್ಲಿ ಏನು ಕಡಿಮೆಯಾಯಿತು? ಹುಡುಗರು ಪುಟ ತಿರುವಿ ಹುಡುಕುತ್ತಾರೆ, ಜಗಳ ಮಾಡುತ್ತಾರೆ. ಒಂದು ಊರು ಒಬ್ಬರನ್ನು ಹೊರಗಿಡಲು ಎಷ್ಟು ಕೈ ಬೇಕು, ಉಳಿಸಲು ಎಷ್ಟು ಕೈ ಬೇಕು ಅನ್ನುವುದು ಅಲ್ಲೇ ಸಿಗುತ್ತದೆ. ಯಾರ ಅಮ್ಮನ ಕೂಲಿಯೂ ಹೋಗುವುದಿಲ್ಲ.

‘ವಿದೇಶದ ಪುಸ್ತಕವೇ ಸೇಫ್ ಅಲ್ಲವೇ’ ಅಂತಲೂ ಕೇಳಿದ್ದೀರಿ. ಸೇಫ್ ಅಂತ ಯಾವುದೂ ಇಲ್ಲ. ಅಮೆರಿಕದ ಕರಿಯರ ಕಥೆ ಪಾಠ ಮಾಡುವಾಗ ಹಳಿಯಾಳದ ಕಡೆಯಿಂದ ಬಂದ, ಆಫ್ರಿಕಾ ಮೂಲದ ಸಿದ್ದಿ ಹುಡುಗನೊಬ್ಬ ಕ್ಲಾಸಿನಲ್ಲಿದ್ದರೆ ಎಲ್ಲರೂ ಅವನನ್ನೇ ನೋಡುತ್ತಾರೆ, ‘ನೀನು ಹೇಳಪ್ಪ’ ಅಂತ ನೀವೂ ಅಂದರೆ ಮುಗಿಯಿತು. ಅದೇ ಸಿದ್ದಿಗಳು ಎಂಬತ್ತರ ದಶಕದಲ್ಲಿ ಮಂಚಿಕೇರಿಯಲ್ಲಿ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನವರ ಜತೆ ನೈಜೀರಿಯಾದ ಲೇಖಕ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿ ಆಡಿದರು. ಅಲ್ಲಿ ನಿಂತು ಮಾತಾಡಿದ್ದು ಪಾತ್ರ. ಅದರೊಳಗೆ ತಮ್ಮದನ್ನು ಎಷ್ಟು ಸೇರಿಸಬೇಕು ಅನ್ನುವುದು ಆಡುವವರಿಗೆ ಬಿಟ್ಟದ್ದು. ನಿಮ್ಮ ಮಕ್ಕಳಿಗೂ ಬರೆಸುವ ಬದಲು ಆಡಿಸಿ ನೋಡಿ. ಕಾರವಾರದವರಿಗೆ ಬೇರೆಡೆ ಹೋಗಬೇಕಾಗಿಯೂ ಇಲ್ಲ. ಠಾಗೋರರು ಅಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದಾಗ ಬರೆದ ‘ಪ್ರಕೃತಿರ ಪ್ರತಿಶೋಧ’ ನಾಟಕದಲ್ಲಿ ಊರವರು ಹತ್ತಿರ ಸೇರಿಸದ ಒಬ್ಬ ಹುಡುಗಿ ಇದ್ದಾಳೆ, ಅವಳನ್ನು ಬಿಟ್ಟುಹೋಗುವ ಒಬ್ಬ ಸನ್ಯಾಸಿ ಇದ್ದಾನೆ. ನಾವು ಬೀಚಿಗೆ ಅವರ ಹೆಸರಿಟ್ಟು ಗೋಬಿ ಮಂಚೂರಿ ತಿಂದು ಬರುತ್ತೇವೆ, ನಾಟಕ ಯಾರೂ ಓದುವುದಿಲ್ಲ.

ಯುದ್ಧದ ವಿಷಯಕ್ಕೆ ಒಂದೇ ಮಾತು. ಅದೇ ಬೀಚಿನ ಯುದ್ಧನೌಕೆ ಹತ್ತಿ ಇಳಿದವರು ನಿಮ್ಮ ಮಕ್ಕಳು, ಹೆಮ್ಮೆ ಅಂತಲೇ ಬರೆಯುತ್ತಾರೆ, ಬರೆಯಲಿ. ಆದರೆ ಕ್ಲಾಸಿನಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಮನೆ ಬಿಟ್ಟ ನಿರಾಶ್ರಿತರ ಮಕ್ಕಳೂ ಇರುತ್ತಾರೆ. ಸೂಟ್‌ಕೇಸ್ ಹಿಡಿದರೆ ಅನುಮಾನ ಬರುತ್ತದೆ ಅಂತ ಆನ್ ಬಟ್ಟೆಯ ಮೇಲೆ ಬಟ್ಟೆ ತೊಟ್ಟು ಮನೆ ಬಿಟ್ಟದ್ದನ್ನು ಓದುವಾಗ ಆ ಮಕ್ಕಳಿಗೆ ಅಜ್ಜ ಹೇಳಿದ್ದು ಏನೋ ನೆನಪಾಗಬಹುದು. ನೆನಪಾಗಲಿ. ‘ಎರಡನ್ನೂ ಹೋಲಿಸಿ ಬರೆಯಿರಿ’ ಅಂತ ಮಾತ್ರ ಕೊಡಬೇಡಿ. ಅವು ಒಂದೇ ಅಲ್ಲ, ಹೋಲಿಸಿದರೆ ಎರಡಕ್ಕೂ ಅನ್ಯಾಯ.

ನನ್ನ ಈಗಿನ ಪದ್ಧತಿ ಇಷ್ಟೇ. ಮಾರ್ಕ್ಸಿಗೆ ಬೇಕಾದದ್ದು ಪಠ್ಯದ ಮೇಲಿನ ಪ್ರಶ್ನೆ, ಫೈಲಿಗೂ ಅದೇ ಹೋಗುತ್ತದೆ. ಸ್ವಂತದ್ದು ಬರೆಯಬೇಕು ಅನ್ನಿಸಿದವರು ಬರೆಯುತ್ತಾರೆ, ಪುಟ ಮಡಚಿದ್ದರೆ ನಾನು ಓದುವುದಿಲ್ಲ, ನೋಟ್‌ಬುಕ್ ಅವರ ಚೀಲದಲ್ಲೇ ಇರುತ್ತದೆ. ಪಾಲಕರು ತಕರಾರು ತಂದರೆ ಪುಸ್ತಕವನ್ನು ಕೈಗೆ ಕೊಟ್ಟು ಓದಲು ಹೇಳಿ. ಹೆಚ್ಚಿನವರು ಓದದೆಯೇ ವಾಪಸ್ ಕೊಡುತ್ತಾರೆ, ಓದಿದ ಒಬ್ಬಿಬ್ಬರು ಇನ್ನೊಂದು ಪುಸ್ತಕ ಕೇಳುತ್ತಾರೆ. ಈಗಾಗಲೇ ಸಂಗ್ರಹಿಸಿದ ಬರಹಗಳು ನಿಮ್ಮ ಹತ್ತಿರ ಇದ್ದರೆ ನಾಳೆಯೇ ಅವರವರಿಗೆ ಹಿಂದಿರುಗಿಸಿ. ಸ್ಟಾಫ್ ರೂಮಿನ ಕಪಾಟಿನಲ್ಲಂತೂ ಇಡಬೇಡಿ, ಅದರ ಕೀಲಿಕೈ ಎಲ್ಲರ ಹತ್ತಿರವೂ ಇರುತ್ತದೆ.