ಆ ಲೋಕದ ಮಣ್ಣು ನಾಲಿಗೆಗೆ ಹೇಗನ್ನಿಸಿತು?

ಪ್ರಶ್ನೆ: ನನ್ನ ಕಾದಂಬರಿಯ ನಾಯಕ ಬಿದ್ರಿ ಕೆಲಸಗಾರರ ಮನೆಯ ಹುಡುಗ. ನೌಬಾದಿನ ಸುರಂಗ ಬಾವಿಗಿಳಿದು ಬೇರೊಂದು ಲೋಕ ಸೇರುತ್ತಾನೆ. ಅಲ್ಲಿ ಮಂತ್ರಶಕ್ತಿ ಸಿಕ್ಕಿ ರಾಕ್ಷಸರನ್ನು ಗೆಲ್ಲುತ್ತಾನೆ. ‘ಬೀದರಿನ ಭಾಗ ಛಲೋ ಅದ, ಆಮ್ಯಾಲ ಓದ್ಲಾಕ ಮನಸ್ ಬರಲ್ಲ’ ಅಂತಾರೆ ಗೆಳೆಯರು. ಎಲ್ಲಿ ಎಡವಿದೆ? ಮಾತುಕತೆ ಗ್ರಂಥಸ್ಥ ಕನ್ನಡದಲ್ಲೇ ಇರಬೇಕೇ?
– ಓದುಗರೊಬ್ಬರು, ಬೀದರ್

ಉತ್ತರ: ನಿಮ್ಮ ಗೆಳೆಯರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಬಾವಿಗಿಳಿಯುವ ತನಕ ಹುಡುಗನ ಕೈಯಲ್ಲಿ ಕಸುಬಿತ್ತು. ಆಚೆ ಹೋದ ಕೂಡಲೇ ಅದನ್ನು ಕಸಿದುಕೊಂಡು ಮಂತ್ರ ಕೊಟ್ಟಿರಿ. ಜಪಾನೀಯರು ಇಸೆಕೈ ಎನ್ನುವ ಈ ಬಗೆಯ ಕಥೆಗಳಲ್ಲಿ ನಾಯಕ ಬಂದ ದಿನವೇ ಬಲಶಾಲಿಯಾಗುವುದು ಎಷ್ಟೋ ಸಲ ಉಂಟು, ಅದನ್ನು ಓದಿ ಬೆಳೆದವರಿಗೆ ಈ ಸೆಳೆತ ಸಹಜ. ಆದರೆ ಆಮೇಲೆ ಅವನು ಬೀದರಿನವನೇ ಯಾಕಾಗಬೇಕು?

ಅವನ ಮನೆಯ ಕೆಲಸ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೆತ್ತಿ, ಆ ಗೀರುಗಳಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕಡೆಗೆ ಕೋಟೆಯ ಹಳೇ ಮಣ್ಣು, ನವಸಾಗರವೆಂಬ ಲವಣ ಕಲಸಿದ ಬಿಸಿನೀರಿಗೆ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಮಣ್ಣು ತಕ್ಕದ್ದೋ ಅಲ್ಲವೋ ಎಂದು ಹಿರಿಯರು ನಾಲಿಗೆಗಿಟ್ಟು ನೋಡುತ್ತಾರೆ. ನಿಮ್ಮ ಹುಡುಗನೂ ಹೊಸ ಲೋಕದಲ್ಲಿ ಮೊದಲು ಇದನ್ನೇ ಮಾಡಲಿ. ಬಗ್ಗಿ ಒಂದು ಚಿಟಿಕೆ ಮಣ್ಣು ಬಾಯಿಗಿಡಲಿ. ರುಚಿಯೇ ಬೇರೆ. ಆ ಮಣ್ಣಿಗೆ ಲೋಹ ಕಪ್ಪಾಗುವುದಿಲ್ಲ. ಅಪ್ಪ ಕಲಿಸಿದ ವಿದ್ಯೆಯ ಕೊನೆಯ ಹಂತ ಅಲ್ಲಿ ಕೈಗೂಡುವುದಿಲ್ಲ. ರಾಕ್ಷಸ ಬರುವ ಮೊದಲೇ ಓದುಗರ ಎದೆ ಧಸಕ್ಕೆನ್ನುವುದು ಇಲ್ಲಿ.

ಸುರಂಗ ಬಾವಿಯನ್ನೂ ಬರೀ ಬಾಗಿಲು ಮಾಡಿ ಬಿಟ್ಟುಬಿಡಬೇಡಿ. ಬಹಮನಿ ಕಾಲದ ಆ ನೀರಿನ ದಾರಿಗೆ ಮೇಲಿಂದ ಸಾಲಾಗಿ ಗವಾಕ್ಷಿ ತೋಡಿದ್ದಾರೆ, ಒಳಗೆ ಗಾಳಿ ಬೆಳಕು ಅಲ್ಲಿಂದಲೇ. ಹುಡುಗ ಮೇಲೆ ನಡೆದಾಡುವಾಗ ಅವನ್ನು ಎಣಿಸಿಟ್ಟುಕೊಂಡಿರಲಿ. ಕೆಳಗೆ ನೀರಲ್ಲಿ ನಡೆಯುತ್ತ ಎಣಿಸಿದರೆ ಒಂದು ಹೆಚ್ಚು. ಗುಡುಗು ಮಿಂಚು ಏನೂ ಬೇಡ.

ಇನ್ನು, ದಾಟಿದ್ದಕ್ಕೆ ಬೆಲೆ ತೆರಬೇಕು. ನಮ್ಮ ಪುರಾಣದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ಸಂಗೀತ ಮುಗಿಯಲೆಂದು ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಉರುಳಿದ್ದವು. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಹೆಸರು ಹೇಳುವವರೂ ಉಳಿದಿರಲಿಲ್ಲ. ನಿಮ್ಮ ಹುಡುಗ ಏನು ಕಳೆದುಕೊಳ್ಳುತ್ತಾನೆ ಎನ್ನುವುದನ್ನು ಬರೆಯಲು ಕೂರುವ ಮೊದಲೇ ನಿಶ್ಚಯಿಸಿಕೊಳ್ಳಿ.

ಭಾಷೆಯ ಬಗ್ಗೆ ಅಳುಕು ಬೇಡ. ಹುಡುಗ ಬೀದರ್ ಮಾತನ್ನೇ ಆಡಲಿ, ಆ ಲೋಕದವರಿಗೆ ಗ್ರಂಥಸ್ಥ ಕನ್ನಡ ಕೊಡಿ. ಆ ಲೋಕ ಪರಕೀಯ ಎಂಬುದು ಆಗ ಕಿವಿಗೇ ಕೇಳಿಸುತ್ತದೆ. ತಿಂಗಳುಗಟ್ಟಲೆ ಹಾಗೇ ಕಳೆದ ಮೇಲೆ ಒಂದು ಸಂಜೆ, ಬೆನ್ನ ಹಿಂದಿನಿಂದ ಒಬ್ಬ ಮುದುಕಿ ‘ಏನ್ ಮಾಡ್ಲತ್ತಿ ತಮ್ಮಾ?’ ಎಂದು ಕೇಳಲಿ. ಅವನಿಗಿಂತ ಮೊದಲೇ ನೌಬಾದಿನ ಬಾವಿಗೆ ಯಾರೋ ಇಳಿದಿದ್ದಾರೆ.