ವರ್ಗದ ದಾಖಲೆಯಲ್ಲಿರುವುದು ಯಾರ ಹೆಸರು?

ಪ್ರಶ್ನೆ: ನಮ್ಮದು ಅಳಿಯಸಂತಾನದ (ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ) ಕುಟುಂಬ. ತರವಾಡು ಮನೆಯ (ಕುಟುಂಬದ ಮೂಲಮನೆಯ) ಜಾಗದ ಹಳೆಯ ಸೆಟ್ಲ್‌ಮೆಂಟ್ ದಾಖಲೆಯಲ್ಲಿ ವರ್ಗದಾರರೆಂದು ಕಾಣಿಸಿರುವ ಹೆಸರು ಮುತ್ತಜ್ಜಿಯ ಗಂಡನದೆಂದು ಭಾವಿಸಿ ವಂಶವೃಕ್ಷ ಬರೆದೆವು. ಮನೆಯ ಹಿರಿಯರು ಒಪ್ಪುತ್ತಿಲ್ಲ. ಯಾವುದು ಸರಿ?
– ಓದುಗರು, ಕುಂಬಳೆ

ಉತ್ತರ: ಹಿರಿಯರ ಮಾತೇ ಸರಿಯಿರುವ ಸಂಭವ ಹೆಚ್ಚು. ವರ್ಗದ ಲೆಕ್ಕ, ಅಂದರೆ ಒಂದೊಂದು ಹಿಡುವಳಿಯ ಭೂಮಿಯ ಲೆಕ್ಕ, ಹುಟ್ಟಿದ್ದು ತೀರ್ವೆ (ಭೂಕಂದಾಯ) ವಸೂಲಿಗಾಗಿಯೇ ಹೊರತು ಮನೆತನದ ಸಂಬಂಧಗಳನ್ನು ಬರೆದಿಡುವುದಕ್ಕಲ್ಲ. ತೀರ್ವೆ ಕಟ್ಟುವ ಹೊಣೆ ಯಾರದೋ ಅವರ ಹೆಸರು ಅಲ್ಲಿರುತ್ತದೆ. ಅಳಿಯಸಂತಾನದಲ್ಲಿ ಆ ಹೊಣೆ ಯಜಮಾನರದು, ಅವರು ಹೆಚ್ಚಾಗಿ ಮನೆಯ ಹೆಂಗಸರ ಅಣ್ಣನೋ ಸೋದರಮಾವನೋ ಆಗಿರುತ್ತಿದ್ದರು. ಮುತ್ತಜ್ಜಿಯ ಗಂಡ ಬೇರೆ ಕುಟುಂಬದ ಸದಸ್ಯರಾದ್ದರಿಂದ ಅವರನ್ನು ಹುಡುಕಬೇಕಾದುದು ಅವರ ತಾಯಿಮನೆಯ ವರ್ಗದಲ್ಲಿ.

ನಿಮಗೆ ನಿಜವಾಗಿ ಬೇಕಾಗಿರುವುದು ಪಾಲುಪಟ್ಟಿ, ಅಂದರೆ ಆಸ್ತಿ ಪಾಲಾದಾಗ ಬರೆದ ಪತ್ರ. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ (ಒಬ್ಬ ಹೆಂಗಸಿನಿಂದ ಹೆಣ್ಣಿನ ಕಡೆಯಾಗಿ ಬೆಳೆದ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. ಅದರ ಬಳಿಕ ರಿಜಿಸ್ಟರ್ ಆದ ಪಾಲುಪಟ್ಟಿಗಳಲ್ಲಿ ಆಸ್ತಿಯ ಷೆಡ್ಯೂಲಿಗಿಂತ ಮೊದಲು ಬರುವ ಕಕ್ಷಿಗಳ ಪಟ್ಟಿಯನ್ನು ನಿಧಾನವಾಗಿ ಓದಿರಿ: ‘1ನೆಯವರ ತಂಗಿ’, ‘2ನೆಯವರ ಮೈನರ್ ಮಕ್ಕಳು, ಅವರ ಬಗ್ಗೆ ಗಾರ್ಡಿಯನ್ ತಾಯಿ’ ಎಂಬ ರೀತಿಯಲ್ಲಿ, ತೀರ್ವೆಯ ಲೆಕ್ಕದಲ್ಲಿ ಎಲ್ಲಿಯೂ ಕಾಣದ ಹೆಂಗಸರೂ ಮಕ್ಕಳೂ ಅಲ್ಲಿ ಸಾಲಾಗಿ ಸಿಗುತ್ತಾರೆ. ನನ್ನ ಮಟ್ಟಿಗೆ ಇಂಥ ಒಂದು ಪತ್ರ ಹತ್ತು ಅಡಂಗಲುಗಳಿಗಿಂತ (ಗ್ರಾಮದ ಭೂಮಿಯ ಲೆಕ್ಕಪುಸ್ತಕಗಳಿಗಿಂತ) ಮೇಲು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವ್ಯಕ್ತಿಗಳ ಹೆಸರಿಗೂ ಆಸ್ತಿಗೂ ಬೇರೆ ಬೇರೆ ಇಂಡೆಕ್ಸ್ ಇರುವುದರಿಂದ ಎರಡನ್ನೂ ನೋಡಿಸಿ ನಕಲಿಗೆ ಅರ್ಜಿ ಕೊಡಿರಿ. ರೀಸರ್ವೆಯಾದ ಗ್ರಾಮವಾದರೆ ಹಳೆಯ ನಂಬರಿಗೆ ಹೊಸ ನಂಬರ್ ಯಾವುದೆಂದು ಮೊದಲೇ ವಿಲೇಜ್ ಆಫೀಸಿನಲ್ಲಿ ಬರೆಸಿಕೊಳ್ಳಿರಿ. ಸೋದರಮಾವನ ಹೆಸರನ್ನೇ ಸೋದರಳಿಯನಿಗೂ ಇಟ್ಟಿರುವುದುಂಟು. ಪತ್ರದ ತಾರೀಕು, ವಯಸ್ಸು ನೋಡದೆ ಇಬ್ಬರನ್ನು ಒಬ್ಬರಾಗಿಸಬೇಡಿರಿ.

ಪ್ರಶ್ನೆ: ನಮ್ಮ ಹಿರಿಯರು ಚಾಲಗೇಣಿಯ (ಕಾಯಂ ಹಕ್ಕಿಲ್ಲದ ಗೇಣಿಯ) ಒಕ್ಕಲು. ಅವರ ಹೆಸರು ವರ್ಗದಲ್ಲಿ ಇಲ್ಲವೇ ಇಲ್ಲ. ಬೇರೆ ದಾರಿ ಇದೆಯೇ?
– ಓದುಗರು, ಬದಿಯಡ್ಕ

ಉತ್ತರ: ಇದೆ. ಕೇರಳದ ಭೂಸುಧಾರಣೆಯಿಂದ 1970ರ ಜನವರಿ 1ರಂದು ಧಣಿಗಳ ಹಕ್ಕು ಸರಕಾರಕ್ಕೆ ಸೇರಿದ ಮೇಲೆ ಒಕ್ಕಲುಗಳು ಲ್ಯಾಂಡ್ ಟ್ರಿಬ್ಯೂನಲಿನಿಂದ ಕ್ರಯ ಸರ್ಟಿಫಿಕೇಟು ಪಡೆದರು. ಆ ಸರ್ಟಿಫಿಕೇಟಿನಷ್ಟಕ್ಕೇ ನಿಲ್ಲದೆ ಅದರ ಕೇಸ್ ನಂಬರ್ ಹಿಡಿದು ಕಡತವನ್ನೇ ಕೇಳಿರಿ. ಗೇಣಿ ಯಾರಿಂದ ಯಾರಿಗೆ ಬಂತೆಂಬ ಹೇಳಿಕೆಯೂ ಹಳೆಯ ಗೇಣಿಚೀಟಿನ (ಗೇಣಿಯ ಕರಾರುಪತ್ರದ) ನಕಲೂ ಇದ್ದರೆ ಅದರಲ್ಲೇ ಇರಬೇಕು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ ಹಳೆಯ ಚೀಟುಗಳು ಹೆಚ್ಚಾಗಿ ಕನ್ನಡದಲ್ಲಿವೆ, ಟ್ರಿಬ್ಯೂನಲಿನ ಕಾಗದಗಳಿಗೆ ಮಲಯಾಳ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿರಿ.