ಐರನ್ ಗುಳಿಗೆ ನುಂಗಿದರೂ ರಕ್ತ ಏರುತ್ತಿಲ್ಲ, ಯಾಕೆ?

ಪ್ರಶ್ನೆ: ನನಗೆ 55 ವರ್ಷ. ಕಲಬುರಗಿಯಲ್ಲಿ ಕಿರಾಣಿ ಅಂಗಡಿ ಇದೆ. ಕೋವಿಡ್ ಸಮಯದಲ್ಲಿ ಶುರು ಮಾಡಿದ 50 ಮಿಲಿಗ್ರಾಂ ಜಿಂಕ್ ಗುಳಿಗೆಯನ್ನು ಇಂದಿಗೂ ದಿನಾ ನುಂಗುತ್ತೇನೆ. ಈಗ ಹಿಮೋಗ್ಲೋಬಿನ್ 9ಕ್ಕೆ ಇಳಿದಿದೆ. ಮೂರು ತಿಂಗಳು ಐರನ್ ತಗೊಂಡರೂ ಏರಿಲ್ಲ. ಪಾದಗಳು ಜುಮ್ ಅನ್ನುತ್ತವೆ. ಗರ್ಭಿಣಿ ಸೊಸೆಗೂ ರಾತ್ರಿ ಐರನ್, ಕ್ಯಾಲ್ಸಿಯಂ ಎರಡನ್ನೂ ಹಾಲಿನ ಜೊತೆ ಕೊಡುತ್ತಿದ್ದೇವೆ. ಇದು ಸರೀನಾ?

ಉತ್ತರ: ನನ್ನ ಅನುಮಾನ ಐರನ್ ಮೇಲಲ್ಲ, ಆ ಜಿಂಕ್ ಮೇಲೆ. ಕೋವಿಡ್ ಕಾಲದಲ್ಲಿ ಜಿಂಕ್ ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಯಾವಾಗ ನಿಲ್ಲಿಸಬೇಕು ಅಂತ ಎಲ್ಲರಿಗೂ ಹೇಳಿದ್ದೆನೇ? ಖಾತ್ರಿಯಿಲ್ಲ.

ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ ಜಿಂಕ್ ಸಾಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕ. 40 ದಾಟಬಾರದು. ನೀವು ಗುಳಿಗೆಯೊಂದರಲ್ಲೇ 50 ತಗೊಳ್ಳುತ್ತಿದ್ದೀರಿ, ಅದೂ ವರ್ಷಗಟ್ಟಲೆ.

ಜಿಂಕ್ ಜಾಸ್ತಿಯಾದಾಗ ಕರುಳಿನ ಕೋಶಗಳು ಮೆಟಲೋಥಯೋನಿನ್ ಎಂಬ ಪ್ರೊಟೀನ್ ತಯಾರಿಸುತ್ತವೆ. ಅದನ್ನು ಕಾವಲುಗಾರ ಅಂದುಕೊಳ್ಳಿ. ಕರೆಸಿದ್ದು ಜಿಂಕ್‌ಗಾಗಿ, ಆದರೆ ಅವನು ಗಟ್ಟಿಯಾಗಿ ಹಿಡಿಯುವುದು ತಾಮ್ರವನ್ನು! ಈ ಕೋಶಗಳ ಆಯಸ್ಸು ನಾಲ್ಕೈದು ದಿನ. ಅವು ಉದುರಿದಾಗ ಹಿಡಿದಿಟ್ಟ ತಾಮ್ರವೂ ಮಲದಲ್ಲಿ ಹೋಗುತ್ತದೆ. ದೇಹದಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಗೆ ವೈದ್ಯರು ಇದೇ ಕಾರಣಕ್ಕೆ ಜಿಂಕ್ ಕೊಡುತ್ತಾರೆ. ಅವರಿಗೆ ಔಷಧಿ, ನಿಮಗೆ ತೊಂದರೆ.

ತಾಮ್ರಕ್ಕೂ ರಕ್ತಕ್ಕೂ ಏನು ಸಂಬಂಧ ಅಂತೀರಾ? ಕಬ್ಬಿಣ ಕೋಶದಿಂದ ಹೊರಬಿದ್ದು ರಕ್ತ ಸೇರಬೇಕಾದರೆ ತಾಮ್ರ ಇರುವ ಪ್ರೊಟೀನ್‌ಗಳು ಬೇಕು. ಅವಿಲ್ಲದಿದ್ದರೆ ಕಬ್ಬಿಣ ಒಳಗೇ ಕೂತಿರುತ್ತದೆ. ಎಷ್ಟು ಐರನ್ ನುಂಗಿದರೂ ಅಷ್ಟೇ.

ಪಾದದ ಜುಮ್ಮನ್ನು ಮಾತ್ರ ಹಗುರವಾಗಿ ತಗೋಬೇಡಿ. ತಾಮ್ರ ಕಡಿಮೆಯಾದರೆ ನರಗಳಿಗೂ ಪೆಟ್ಟು. ರಕ್ತ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳಬಹುದು, ನರ ಪೂರ್ತಿ ಸರಿಹೋಗದೆಯೂ ಇರಬಹುದು. ಬಿ12 ಕೊರತೆಯೂ ಥೇಟ್ ಹೀಗೇ ಕಾಣುತ್ತದೆ. ಹಾಗಾಗಿ ಈ ವಾರವೇ ಫಿಜಿಶಿಯನ್ ಹತ್ತಿರ ಹೋಗಿ. ರಕ್ತದಲ್ಲಿ ತಾಮ್ರ, ಸೆರುಲೋಪ್ಲಾಸ್ಮಿನ್ (ತಾಮ್ರ ಇರುವ ಪ್ರೊಟೀನ್), ಜಿಂಕ್, ಬಿ12, ಫೆರಿಟಿನ್ (ಕಬ್ಬಿಣದ ದಾಸ್ತಾನು ತಿಳಿಸುವ ಪ್ರೊಟೀನ್) ನೋಡಿಸಿ. ಮೂಲವ್ಯಾಧಿ, ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುತ್ತಿದೆಯಾ ಅಂತಲೂ ಕೇಳಿ. ಜಿಂಕನ್ನು ಬೇರೆ ಕಾಯಿಲೆಗೆ ಯಾರೂ ಬರೆದಿಲ್ಲ ಅಂದರೆ ಇವತ್ತೇ ನಿಲ್ಲಿಸಿ. ತಾಮ್ರದ ಗುಳಿಗೆಯನ್ನು ನೀವೇ ಕೊಂಡು ನುಂಗಬೇಡಿ. ತಾಮ್ರದ ಚೊಂಬಿನ ನೀರು ಕುಡಿದರೆ ಸಾಕು ಅನ್ನುವವರ ಮಾತೂ ಬೇಡ.

ಊಟದಲ್ಲಿ ತಾಮ್ರ ನಮ್ಮ ಕಡೆ ಧಾರಾಳ: ಎಳ್ಳು, ಶೇಂಗಾ, ತೊಗರಿ. ಎಳ್ಳ ಅಮಾವಾಸ್ಯೆಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬರೀ ರುಚಿಗಲ್ಲ ನೋಡಿ. ಜೋಳದ ಕಥೆ ಸ್ವಲ್ಪ ಬೇರೆ. ಜೋಳದಲ್ಲಿ ಮಾಲಿಬ್ಡಿನಂ ಎಂಬ ಖನಿಜ ಜಾಸ್ತಿ ಇದ್ದರೆ ಮೂತ್ರದಲ್ಲಿ ತಾಮ್ರ ಜಾಸ್ತಿ ಹೋಗುತ್ತದೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1974ರಲ್ಲೇ ತೋರಿಸಿದ್ದರು. ಹಾಗಂತ ರೊಟ್ಟಿ ಬಿಡಬೇಡಿ, ನಿಮ್ಮ ಸಮಸ್ಯೆ ರೊಟ್ಟಿಯದ್ದಲ್ಲ.

ಇನ್ನು ಸೊಸೆ. ಹಾಲು, ಐರನ್, ಕ್ಯಾಲ್ಸಿಯಂ ಒಟ್ಟಿಗೆ ಬೇಡ. ಕ್ಯಾಲ್ಸಿಯಂ ಇದ್ದಲ್ಲಿ ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎರಡರ ನಡುವೆ ಕನಿಷ್ಠ ಎರಡು ತಾಸು ಬಿಡಿ. ಕ್ಯಾಲ್ಸಿಯಂ ಊಟದ ಜೊತೆ ಇರಲಿ. ಐರನ್ ಬೇರೆ ಹೊತ್ತಿಗೆ, ನಿಂಬೆಹಣ್ಣಿನ ನೀರಿನ ಜೊತೆ ಕೊಡಿ. ಹೊಟ್ಟೆ ತೊಳಸಿದರೆ ಏನಾದರೂ ಸ್ವಲ್ಪ ತಿಂದು ತಗೊಳ್ಳಲಿ, ಬಿಡುವುದು ಬೇಡ. ಚಹಾ ಮಾತ್ರ ಗುಳಿಗೆಯಿಂದ ಒಂದೆರಡು ತಾಸು ದೂರ ಇರಲಿ.